ಅಪ್‌ಡೇಟ್: ಅಜ್ಜಿಯ ‘ಗುಮ್ಮ’, ತಾತನ ಏಟು – ಈಗ ಹೇಗಿದೆ

ಮೂರು ವರ್ಷದ ಮಗಳು ಊಟಕ್ಕೆ ಹಟ ಮಾಡಿದರೆ ಅತ್ತೆ ‘ಗುಮ್ಮ ಬರ್ತಾನೆ, ಡಾಕ್ಟ್ರ ಹತ್ರ ಸೂಜಿ ಚುಚ್ಚಿಸ್ತೀನಿ’ ಅಂತಾರೆ, ಮಾವ ಕೈ ಮೇಲೆ ಪಟ್ ಅಂತ ಕೊಡ್ತಾರೆ, ಜಗಳವಿಲ್ಲದೆ ನಿಲ್ಲಿಸೋದು ಹೇಗೆ ಅಂತ ಕೇಳಿದ್ದೆ.

ಕೆಲಸ ಮಾಡಿದ್ದು ‘ಸೊಸೆ ಬೇಡ, ಮಗನೇ ಮಾತಾಡಲಿ’ ಅನ್ನೋ ಸಲಹೆ. ಮಗು ಮಲಗಿದ ಮೇಲೆ, ಒಂದೇ ವಿಷಯ: ಕೈ ಎತ್ತೋದು ಬೇಡ. ಬರೀ ‘ಬೇಡ’ ಅಂದರೆ ಸಾಲದು, ಬದಲಿಗೆ ಏನು ಮಾಡಬೇಕು ಅಂತಲೂ ಹೇಳಬೇಕು. ಮಗು ಹೊಡೆಯೋಕೆ ಬಂದರೆ ಕೂತು, ಅದರ ಕೈ ಹಿಡಿದು, ‘ಹೊಡೆಯೋಕೆ ಬಿಡಲ್ಲ’ ಅಂತ ಒಂದೇ ಸಲ. ಊಟಕ್ಕೆ ‘ಅನ್ನ ಮೊದಲಾ, ಚಪಾತಿ ಮೊದಲಾ?’ ಎರಡೇ ಆಯ್ಕೆ. ಮೂರನೆಯದು ಕೊಟ್ಟರೆ ಮತ್ತೆ ರಗಳೆ ಶುರು.

ಫ್ಯಾಮಿಲಿ ಗ್ರೂಪಿಗೆ ಪೇರೆಂಟಿಂಗ್ ವಿಡಿಯೊ ಹಾಕೋದು ಪೂರ್ತಿ ಫೇಲ್. ‘ನಿಮ್ಮನ್ನ ಬೆಳೆಸಿದ್ದು ನಾವೇ ತಾನೇ?’ ಅಂತ ಉತ್ತರ ಬಂತು. ನ್ಯಾಯವಾದ ಪ್ರಶ್ನೆಯೇ ಬಿಡಿ.

ಮಾವ ನಿವೃತ್ತ ಮೇಷ್ಟ್ರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತೆ. ಅದು ಮನೆಗೆ ಅನ್ವಯಿಸಲ್ಲ, ಆದರೂ ಅವರಿಗೆ ನಾಟಿದ್ದು ಅದೇ.

ಅನಿರೀಕ್ಷಿತ ಅಂದರೆ ಅತ್ತೆಯ ಮಂಡಿನೋವು. ಓಡುವ ಮಗುವಿನ ಹಿಂದೆ ತಟ್ಟೆ ಹಿಡಿದು ಹೋಗೋಕಾಗದೆ ಕೂತಲ್ಲಿಂದಲೇ ಗುಮ್ಮನ್ನ ಕರೀತಿದ್ದರು. ಊಟ ಎಂಟೂವರೆಯಿಂದ ಏಳಕ್ಕೆ ತಂದು, ಮಗುವನ್ನ ಅವರ ಪಕ್ಕದಲ್ಲೇ ಕೂರಿಸಿದ ಮೇಲೆ ಗುಮ್ಮನಿಗೆ ಕೆಲಸವೇ ಕಡಿಮೆ. ಸೂಜಿ ಬೆದರಿಕೆ ಪೂರ್ತಿ ನಿಂತಿಲ್ಲ. ಐದು ವರ್ಷಕ್ಕೆ ಹಾಕಿಸೋ ಡಿಪಿಟಿ ಬೂಸ್ಟರ್ ಲಸಿಕೆ ಇನ್ನೂ ಬಾಕಿ, ಮಗು ಸೂಜಿಗೆ ಹೆದರಬಾರದು, ಹಾಗಾಗಿ ಆ ಬೆದರಿಕೆಯನ್ನ ಮಾತ್ರ ಹಾಗೇ ಬಿಡೋ ಹಾಗಿಲ್ಲ. ಊಟಕ್ಕೆ ಮುಂಚೆ ಬೆಲ್ಲ ಕೊಡೋ ವಿಷಯ ಸದ್ಯಕ್ಕೆ ಎತ್ತಲ್ಲ.