‘ಕಚ್ಚಾಟ’ದಲ್ಲಿ ಆಟವಿದೆಯೆ?

ಪ್ರಶ್ನೆ:
ನಾಯಿಮರಿಗಳ ನಡವಳಿಕೆ ಕುರಿತ ಬರಹಕ್ಕೆ ಎರಡು ಪದ ಬೇಕಾಗಿವೆ. ಒಂದು, ಪ್ಲೇ ಫೈಟಿಂಗ್: ಮರಿಗಳು ಆಟವಾಗಿ ಒಂದರ ಮೇಲೊಂದು ಬಿದ್ದು ಸೆಣಸುವುದು. ಇನ್ನೊಂದು, ಪ್ಲೇ ಬೌ: ಮುಂಗಾಲುಗಳನ್ನು ನೆಲಕ್ಕೂರಿ, ಹಿಂಭಾಗ ಎತ್ತಿ, ಬಾಲ ಅಲ್ಲಾಡಿಸುವ ಭಂಗಿ. ಮೊದಲನೆಯದಕ್ಕೆ ‘ಕಚ್ಚಾಟ’, ಎರಡನೆಯದಕ್ಕೆ ‘ಆಟದ ನಮಸ್ಕಾರ’ ಎನ್ನಬಹುದೆ? ‘ಕಚ್ಚಾಟ’ದೊಳಗೆ ಆಟ ಇದ್ದೇ ಇದೆಯಲ್ಲ.

ಉತ್ತರ:
ಇದೆ, ಆದರೆ ಆಡುವ ಆಟವಾಗಿ ಅಲ್ಲ. ಕ್ರಿಯಾಪದಕ್ಕೆ ‘ಆಡು’ ಸೇರಿದಾಗ ಬರುವ ಅರ್ಥ ಹೆಚ್ಚಾಗಿ ಎರಡು: ಒಬ್ಬರಿಗೊಬ್ಬರು ಮಾಡುವುದು (ಹೊಡೆದಾಡು, ಬೈದಾಡು), ಇಲ್ಲವೆ ಮತ್ತೆಮತ್ತೆ ಮಾಡುವುದು (ಓಡಾಡು, ಅಲೆದಾಡು). ಹೊಡೆದಾಟ ನಿಜವಾದ ಜಗಳವೇ. ಕಚ್ಚಾಟವಂತೂ ಪತ್ರಿಕೆಗಳಲ್ಲಿ ಪಕ್ಷಗಳ ಒಳಜಗಳಕ್ಕೆ ಅಂಟಿಕೊಂಡುಬಿಟ್ಟಿದೆ. ಕರು ಬಾಲ ಎತ್ತಿ ಓಡುತ್ತ ಹಿಂಗಾಲು ಝಾಡಿಸುವುದು ಅಪ್ಪಟ ಆಟ. ಅದನ್ನು ‘ಒದ್ದಾಟ’ ಎಂದರೆ ಕರುವಿಗೆ ಹೊಟ್ಟೆನೋವು ಬಂತೆಂದು ಓದುಗ ಗಾಬರಿಯಾಗುತ್ತಾನೆ. ಅಲ್ಲಿ ‘ನೆಗೆದಾಟ’ ಸರಿಹೊಂದುತ್ತದೆ.

ಆದ್ದರಿಂದ ಆಟವನ್ನು ಪದದ ಮುಂದಕ್ಕೆ ತನ್ನಿ: ‘ಆಟದ ಕಾದಾಟ’. ಆಟ ಎರಡು ಸಲ ಕೇಳಿಸಿದರೂ ಕೆಲಸ ಬೇರೆ ಬೇರೆ. ‘ಹುಸಿಮುನಿಸು’ ಮಾದರಿಯಲ್ಲಿ ‘ಹುಸಿಕಾಳಗ’ ಎಂಬ ಸಲಹೆಯೂ ಬರಬಹುದು. ಕಿವಿಗೆ ಇಂಪಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಆಟದ ಕಾದಾಟ ನಿಜ ಕಾಳಗದ ಸಪ್ಪೆ ನಕಲಲ್ಲ. ಇಲಿಮರಿಗಳನ್ನು ನೋಡಿ: ಆಟದಲ್ಲಿ ಒಂದು ಇನ್ನೊಂದರ ಕತ್ತಿನ ಹಿಂಭಾಗಕ್ಕೆ ಮೂತಿ ಉಜ್ಜಲು ಹೆಣಗುತ್ತದೆ, ಬೆಳೆದ ಇಲಿಗಳ ನಿಜ ಜಗಳದಲ್ಲಿ ಕಡಿತ ಬೀಳುವುದು ಹೆಚ್ಚಾಗಿ ಸೊಂಟದ ಹಿಂಭಾಗ, ಪಕ್ಕೆಗಳ ಮೇಲೆ. ಗುರಿಯೇ ಬೇರೆ. ಅದಕ್ಕೆ ಅದರದೇ ಹೆಸರು ಸಲ್ಲಬೇಕು.

‘ನಮಸ್ಕಾರ’ ಬೇಡ. ಅದರಲ್ಲಿ ಗೌರವವಿದೆ, ಭೇಟಿಯ ಆರಂಭವೆಂಬ ಸೂಚನೆಯೂ ಇದೆ. ‘ಆಟದ ಕರೆ’ ಇನ್ನೂ ಹತ್ತಿರ, ಆದರೂ ಕಿರಿದಾಯಿತು. ಪ್ರಾಣಿಗಳ ನಡವಳಿಕೆಯ ಸಂಶೋಧಕ ಮಾರ್ಕ್ ಬೆಕಾಫ್ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಯಿ, ತೋಳ, ಕಯೋಟಿ (ಅಮೆರಿಕದ, ತೋಳದಂಥ ಕಾಡುಪ್ರಾಣಿ) ಮರಿಗಳು ಈ ಭಂಗಿಯನ್ನು ಆಟದ ನಡುವೆಯೂ ತೋರುತ್ತವೆ. ಅದರಲ್ಲೂ ಕಚ್ಚಿ ತಲೆ ಝಾಡಿಸುವುದಕ್ಕೆ ಸ್ವಲ್ಪ ಮುಂಚೆ ಅಥವಾ ಕೂಡಲೇ ನಂತರ. ‘ಇದು ಆಟವೇ’ ಎಂದು ನೆನಪಿಸುವ ಸನ್ನೆ ಅದು. ಭಂಗಿಯನ್ನೇ ಹೆಸರಿಸುವ ‘ಆಟದ ಬಾಗು’ ಎಲ್ಲ ಸಂದರ್ಭಕ್ಕೂ ನಿಲ್ಲುತ್ತದೆ. ಮೊದಲ ಸಲ ಬಳಸುವಾಗ ಮೊಣಕೈ ನೆಲ ಮುಟ್ಟಿರುತ್ತದೆಂದು ವಿವರಿಸಿ. ನಿದ್ದೆಯಿಂದೆದ್ದ ನಾಯಿ ಮೈಮುರಿಯುವುದೂ ಹೀಗೆಯೇ ಕಾಣುತ್ತದೆ. ಅದು ನಿಧಾನ, ಯಾರನ್ನೂ ನೋಡುತ್ತಿರುವುದಿಲ್ಲ. ಬಾಗು ಥಟ್ಟನೆ ಬರುತ್ತದೆ, ಕಣ್ಣು ಜೊತೆಗಾರನ ಮೇಲಿರುತ್ತದೆ.

ಮತ್ತೊಬ್ಬರ ಸೇರ್ಪಡೆ:
‘ಬಿಟ್ಟುಕೊಡು’ ಎಂಬ ಪದವನ್ನೂ ಸೇರಿಸಿಕೊಳ್ಳಿ. ದೊಡ್ಡ ಮರಿ ಚಿಕ್ಕದರ ಎದುರು ತಾನಾಗಿ ಅಂಗಾತ ಬೀಳುವುದಕ್ಕೆ ಮಕ್ಕಳಾಟದ ಈ ಮಾತೇ ಸಾಕು, ಹೊಸದನ್ನು ಕಟ್ಟಬೇಕಿಲ್ಲ. ಒಂದೇ ಮರಿ ಸದಾ ಕೆಳಗಾಗಿ, ಬಾಲ ಮಡಚಿ, ಸಂದಿಯಲ್ಲಿ ಅಡಗಲು ನೋಡಿದರೆ ‘ಆಟ ಜಗಳಕ್ಕೆ ತಿರುಗಿತು’ ಎಂದೇ ಬರೆಯಿರಿ. ಸಂಶಯವಿದ್ದಾಗ ಮೇಲಿದ್ದ ಮರಿಯನ್ನು ಕೆಲವು ಕ್ಷಣ ಹಿಡಿದುಕೊಳ್ಳಬೇಕು. ಕೆಳಗಿದ್ದದ್ದು ತಾನಾಗಿ ಮರಳಿ ಬಂದರೆ ಆಟ. ದೂರ ಸರಿದರೆ ಅಲ್ಲಿಗೇ ನಿಲ್ಲಿಸಬೇಕು.