ಕಾಫಿ ಸಾರದ ಡಬಲ್ ಎಮಲ್ಷನ್ ಬೆಳಗಾಗುವಷ್ಟರಲ್ಲಿ ಒಡೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ (ಮಡಿಕೇರಿಯಿಂದ):
ಮೇಡಂ, ಎಂಎಸ್ಸಿ ಪ್ರಾಜೆಕ್ಟ್‌ಗೆ ರೊಬಸ್ಟಾ ಕಾಫಿ ಸಾರವನ್ನು ಡಬಲ್ ಎಮಲ್ಷನ್ (ಹನಿಯೊಳಗೊಂದು ಹನಿ) ಮಾಡುತ್ತಿದ್ದೇನೆ. ಒಳಗೆ ಸಾರ, ಸುತ್ತ ಸೂರ್ಯಕಾಂತಿ ಎಣ್ಣೆ, ಹೊರಗೆ ಪಿವಿಎ (ಹನಿಗಳು ಕೂಡಿಕೊಳ್ಳದಂತೆ ತಡೆಯುವ ಪಾಲಿಮರ್) ಬೆರೆಸಿದ ನೀರು. ಹನಿ ಮಾಡುವ ಗಾಜಿನ ಕ್ಯಾಪಿಲರಿ (ಸಣ್ಣ ಕೊಳವೆ) ಸಾಧನ ನಾನೇ ಜೋಡಿಸಿದ್ದು. ಹನಿಗಳೆಲ್ಲ ಒಂದೇ ಅಳತೆಯಲ್ಲಿ ಬರುತ್ತವೆ. ಆದರೆ ರಾತ್ರಿ ಇಟ್ಟರೆ ಒಳಹನಿ ಊದಿ ಒಡೆದು, ಬೆಳಿಗ್ಗೆಗೆ ಹೊರಗಿನ ನೀರೆಲ್ಲ ಕಂದು ಬಣ್ಣ. ಹನಿ ಒಡೆಯದಿರಲಿ ಅಂತ ಎಣ್ಣೆಗೆ ಹಾಕುವ ಎಮಲ್ಸಿಫೈಯರ್ ಸ್ಪಾನ್ 80 ಇನ್ನೂ ಜಾಸ್ತಿ ಹಾಕಬೇಕಾ?

ಉತ್ತರ:
ಬೇಡ, ಜಾಸ್ತಿ ಹಾಕಿದರೆ ಇನ್ನೂ ಬೇಗ ಊದುತ್ತದೆ. ಮಿಕ್ಕಿದ ಸ್ಪಾನ್ ಎಣ್ಣೆಯಲ್ಲಿ ಸಣ್ಣ ಸಣ್ಣ ಗುಂಪು ಕಟ್ಟಿಕೊಂಡು ನೀರನ್ನು ಹೊತ್ತು ಸಾಗಿಸುತ್ತದೆ. ಪಿಜಿಪಿಆರ್ ಅನ್ನುವ ಇನ್ನೊಂದು ಎಮಲ್ಸಿಫೈಯರ್ ಸಿಕ್ಕರೆ ಅದಕ್ಕೆ ಬದಲಾಯಿಸಿ.

ನಿಮ್ಮ ಸಾಧನದಲ್ಲಿ ತೊಂದರೆ ಇಲ್ಲ. 2005ರಲ್ಲಿ ಹಾರ್ವರ್ಡ್‌ನ ಡೇವಿಡ್ ವೈಟ್ಸ್ ತಂಡ ಡಬಲ್ ಎಮಲ್ಷನ್ ಮಾಡಿ ತೋರಿಸಿದ್ದೂ ಇಂಥದ್ದೇ ಗಾಜಿನ ಸಾಧನದಲ್ಲಿ. ತೊಂದರೆ ಇರುವುದು ಆಸ್ಮಾಟಿಕ್ ಒತ್ತಡದಲ್ಲಿ, ಅಂದರೆ ಕರಗಿದ ಪದಾರ್ಥ ಹೆಚ್ಚಿರುವ ಕಡೆಗೆ ನೀರು ಎಳೆಯಲ್ಪಡುವುದರಲ್ಲಿ. ಸಾರದಲ್ಲಿ ಕರಗಿದ ಪದಾರ್ಥ ತುಂಬಾ ಇದೆ, ಪಿವಿಎ ನೀರಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಉಪ್ಪು ಹಚ್ಚಿದ ಮಾವಿನಕಾಯಿ ನೀರು ಬಿಡುತ್ತದಲ್ಲ, ಅದೇ ಲೆಕ್ಕ. ಇಲ್ಲಿ ಹೊರಗಿನ ನೀರು ಎಣ್ಣೆ ದಾಟಿ ಒಳಗೆ ನುಗ್ಗುತ್ತದೆ. ಎಣ್ಣೆ ಪದರ ತೆಳ್ಳಗಾಗಿ ಕೊನೆಗೆ ಹರಿಯುತ್ತದೆ.

ಹಾಗಾಗಿ ಹೊರಗಿನ ನೀರಿಗೂ ಸಕ್ಕರೆಯನ್ನೋ ಉಪ್ಪನ್ನೋ ಹಾಕಿ ಸಮ ಮಾಡಿ. ಲೀಟರಿಗೆ 9 ಗ್ರಾಂ ಉಪ್ಪು ಅಥವಾ ಸುಮಾರು 100 ಗ್ರಾಂ ಸಕ್ಕರೆ, ಎರಡೂ ಹತ್ತಿರಹತ್ತಿರ 300 ಮಿಲಿಆಸ್ಮೋಲ್ (ಕರಗಿದ ಕಣಗಳ ಲೆಕ್ಕ) ಕೊಡುತ್ತವೆ. ಇದನ್ನು ಅಳೆಯುವ ಆಸ್ಮೋಮೀಟರ್ ಸಿಕ್ಕರೆ ಸಾರವನ್ನು ಅಳೆದು ಅದಕ್ಕೆ ಸರಿಹೊಂದಿಸಿ. ಸಿಗದಿದ್ದರೆ ಮೈಕ್ರೋಸ್ಕೋಪ್ ಸಾಕು: ಒಳಹನಿ ಊದಿದರೆ ಹೊರಗೆ ಇನ್ನಷ್ಟು ಸಕ್ಕರೆ ಬೇಕು, ಕುಗ್ಗಿದರೆ ಹೆಚ್ಚಾಗಿದೆ ಅಂತ.

ಪ್ರಶ್ನೆ:
ಥ್ಯಾಂಕ್ಸ್ ಮೇಡಂ. ಇನ್ನೊಂದು. ಮಳೆ ಶುರುವಾದ ಮೇಲೆ ಹೊಸದಾಗಿ ಮಾಡಿದ ಸಾಧನದಲ್ಲಿ ಎಣ್ಣೆ ಹನಿ ಹಿಡಿಯುವ ಕೊನೆಯ ಕೊಳವೆಗೇ ಅಂಟಿಕೊಳ್ಳುತ್ತಿದೆ. ಗಾಜಿಗೆ ನೀರು ಅಂಟದಂತೆ ಸೈಲೇನ್ ಹಚ್ಚಿದ ಕಡೆ ಬಿಳಿ ಪೊರೆ ಬೇರೆ.

ಉತ್ತರ:
ಕಕ್ಕಡದ ಮಳೆಯಲ್ಲಿ ಬಾಟಲಿ ಮುಚ್ಚಳ ತೆಗೆದರೆ ಇನ್ನೇನಾಗುತ್ತದೆ ಹೇಳಿ! ಆಕ್ಟಡೆಸಿಲ್‌ಟ್ರೈಕ್ಲೋರೋಸೈಲೇನ್‌ಗೆ ಗಾಳಿಯ ತೇವ ಸಿಕ್ಕರೆ ಗಾಜಿಗೆ ಹತ್ತುವ ಮೊದಲೇ ತನ್ನಷ್ಟಕ್ಕೇ ಗಟ್ಟಿಯಾಗುತ್ತದೆ. ಆ ಬಿಳಿ ಪೊರೆ ಅದೇ. ಗಾಜನ್ನು ಓವನ್‌ನಲ್ಲಿ ಒಣಗಿಸಿ, ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ತಣಿಸಿ, ಒಣ ಟಾಲ್ವೀನ್‌ನಲ್ಲಿ ಕಲಸಿದ ಸೈಲೇನ್ ಬಳಸಿ. ಫ್ಯೂಮ್‌ಹುಡ್ (ಆವಿ ಹೀರಿ ಹೊರಹಾಕುವ ಗೂಡು) ಒಳಗೇ ಮಾಡಿ, ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ.

ಸೈಲೇನ್ ಬೇಕಾಗಿರುವುದು ಸಾರ ಹೊರಬರುವ ಚೂಪು ಕೊಳವೆಗೆ ಮಾತ್ರ, ಎಣ್ಣೆ ಅದಕ್ಕೆ ಹತ್ತಲಿ ಅಂತ. ಹನಿ ಹಿಡಿಯುವ ಕೊಳವೆ ನೀರಿಗೆ ಒಗ್ಗುವಂತೆ ಶುದ್ಧ ಗಾಜಾಗಿಯೇ ಇರಬೇಕು. ಜೋಡಿಸಿದ ಮೇಲೆ ಸೈಲೇನ್ ಹಾಯಿಸಿದ್ದೀರಾ? ಹಾಗಿದ್ದರೆ ಅದು ಅಲ್ಲಿಗೂ ತಗುಲಿರುತ್ತದೆ. ಬೇರೆಬೇರೆಯಾಗಿ ಹಚ್ಚಿ, ಆಮೇಲೆ ಜೋಡಿಸಿ. ಪರೀಕ್ಷೆಗೆ ಒಂದು ಹನಿ ನೀರು ಬಿಡಿ: ಚೂಪು ಕೊಳವೆಯ ಮೇಲೆ ಅದು ಗುಂಡಗೆ ನಿಲ್ಲಬೇಕು, ಇನ್ನೊಂದರ ಮೇಲೆ ಹರಡಬೇಕು.

ಪ್ರಶ್ನೆ:
ನಡುವೆ ಕರೆಂಟ್ ಹೋದರೆ?

ಉತ್ತರ:
ನಮ್ಮೂರಲ್ಲಿ ಅದು ಇದ್ದದ್ದೇ ಅಲ್ವಾ. ಯುಪಿಎಸ್ ಇದ್ದರೆ ಮೊದಲು ಸಾರದ ಪಂಪ್ ನಿಲ್ಲಿಸಿ, ಆಮೇಲೆ ಎಣ್ಣೆ, ಕೊನೆಗೆ ಹೊರಗಿನ ನೀರು. ಶುರು ಮಾಡುವಾಗ ಇದರ ಉಲ್ಟಾ. ಹರಿವು ಸಮಸ್ಥಿತಿಗೆ ಬರುವವರೆಗಿನ ಹನಿಗಳನ್ನು ಬೇರೆ ಬಾಟಲಿಗೆ ಬಿಡಿ, ಸುಮ್ನೆ ಸ್ಯಾಂಪಲ್‌ಗೆ ಸೇರಿಸಬೇಡಿ.