ಸಣ್ಣ ಆ್ಯಕ್ಸಿಡೆಂಟ್, ರೋಡಿನ ಮ್ಯಾಲೇ ರಾಜಿ ಆದ್ರೂ ಸ್ಟೇಷನ್ನಿಗೆ ತಿಳಸಬೇಕೇನ್ರಿ?

ತೊಗರಿ_ಹೊಲ:
ಕಲಬುರಗಿ ರಿಂಗ್ ರೋಡಿನ್ಯಾಗ ನಮ್ಮ ಕಾಕಾನ ಮಗನ ಬೈಕ್ ಒಬ್ಬ ಹಿರಿಯರ ಸೈಕಲ್ಲಿಗೆ ತಾಗ್ಯದ. ಅವರ ಮೊಣಕೈ ತರಚ್ಯದ, ಸೈಕಲ್ ಹಿಂದಿನ ಗಾಲಿ ಸೊಟ್ಟ ಆಗ್ಯದ. 2,000 ರೂಪಾಯಿ ಕೊಟ್ಟು ಮಾತು ಮುಗಿಸ್ಯಾರ. ಆಗಿದ್ದು ನಿನ್ನೆ ಸಂಜಿ 6ಕ್ಕ. ಈಗ ಪೊಲೀಸರಿಗೆ ಹೇಳಿದ್ರ ನಾವೇ ಕೇಸ್ ಮೈಮ್ಯಾಲೆ ಎಳಕೊಂಡಂಗ ಆಗಲ್ಲೇನ್ರಿ? ಬೈಕಿನ ಆರ್‌ಸಿ ಇನ್ನೂ ಮೊದಲಿನ ಮಾಲಕರ ಹೆಸರಿನ್ಯಾಗೇ ಅದ.

ಕೋರ್ಟ್_ಕಟ್ಟೆ:
ಇವತ್ತು ಸಂಜೆ 6ರೊಳಗೆ ಹೋಗಿ ಬರಲಿ. ಮೋಟಾರು ವಾಹನ ಕಾಯ್ದೆ, 1988ರ 134ನೇ ಕಲಂ ಇದಕ್ಕೆ 24 ಗಂಟೆ ಕೊಟ್ಟಿದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಹತ್ತಿರದ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೆ ಬರವಣಿಗೆಯಲ್ಲಿ ಮಾಹಿತಿ ಕೊಡಬೇಕು. ‘ಸಣ್ಣ ಅಪಘಾತ’ ಎಂಬ ವಿನಾಯಿತಿ ಅದರಲ್ಲಿ ಎಲ್ಲೂ ಇಲ್ಲ. ಯಾರಿಗೂ ಗಾಯವಾಗದೆ ಬರೀ ತಳ್ಳುಬಂಡಿಯೋ ಅಂಗಡಿ ಶೆಟರೋ ಜೆಸ್ಕಾಂ ವಿದ್ಯುತ್ ಕಂಬವೋ ಜಖಂ ಆದರೂ ತಿಳಿಸಲೇಬೇಕು. ಜನ ಹೊಡೆಯಲು ಬಂದರೆಂದು ಅಲ್ಲಿಂದ ಹೊರಟು ಬಂದಿದ್ದರೆ ಅದನ್ನು ಕಾಯ್ದೆ ಒಪ್ಪುತ್ತದೆ, ಆದರೆ ಆ ಕಾರಣವನ್ನೂ ಠಾಣೆಯಲ್ಲಿ ಹೇಳಬೇಕು.

ತಿಳಿಸದಿದ್ದರೆ 187ನೇ ಕಲಂ: 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂ. ವರೆಗೆ ದಂಡ, ಅಥವಾ ಎರಡೂ. ಎರಡನೇ ಸಲವಾದರೆ 1 ವರ್ಷ, 10,000 ರೂ. 2019ರ ತಿದ್ದುಪಡಿಗೆ ಮೊದಲು ಇದು 3 ತಿಂಗಳು, 500 ರೂ. ಇತ್ತು. ರಸ್ತೆಯಲ್ಲೇ ಚಲನ್ ಕಟ್ಟಿ ಮುಗಿಸುವ ಪಟ್ಟಿಯಲ್ಲಿ ಈ ಕಲಂ ಇಲ್ಲ, ಕೋರ್ಟಿಗೇ ಹೋಗಬೇಕು.

ರಾಜಿ ಮುರಿದು ಬೀಳುವುದು ಹೇಗೆಂದರೆ, ಆ ಹಿರಿಯರ ಕೈ ರಾತ್ರಿ ಬಾತುಕೊಂಡಿತು, ಮಗ ಆಸ್ಪತ್ರೆಗೆ ಕರೆದೊಯ್ದ, ‘ಬೈಕ್ ಗುದ್ದಿತು’ ಅಂದ. ವೈದ್ಯರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿದ್ದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 125(ಬಿ), 3 ವರ್ಷದವರೆಗೆ ಜೈಲು. ಆಗ ಠಾಣೆಯಲ್ಲಿ ನಿಮ್ಮ ಕಡೆಯ ಒಂದು ಚೀಟಿಯೂ ಇರದಿದ್ದರೆ ನಿಮ್ಮ ಹುಡುಗ ‘ಗುದ್ದಿ ಓಡಿಹೋದವ’. ಹಣ ಕೊಟ್ಟಿದ್ದಕ್ಕೂ ಪುರಾವೆ ಇಲ್ಲ. ಇನ್ನು ಬಿಎನ್‌ಎಸ್ 281ನೇ ಕಲಂ, ಅಂದರೆ ದುಡುಕಿನ ಚಾಲನೆ, ರಾಜಿಗೆ ಬರುವ ಅಪರಾಧವೇ ಅಲ್ಲ. ತಿಳಿಸಿದರೂ ಪೊಲೀಸರು ಕೇಸ್ ಹಾಕಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಓಡಿಹೋದ ಆರೋಪ ಅಂಟುವುದಿಲ್ಲ.

ಹುಮನಾಬಾದ್_ನಾಕಾ:
ಅರ್ಜಿ ಎರಡು ಪ್ರತಿ ಬರೀರಿ. ದಿನಾಂಕ, ಟೈಮು, ಜಾಗ (ಯಾವ ಸರ್ಕಲ್‌ನಿಂದ ಯಾವ ಕಡೆ ಎಷ್ಟು ದೂರ), ಬೈಕ್ ನಂಬರು, ಡಿಎಲ್ ನಂಬರು, ಗಾಯ ಆದವರ ಹೆಸರು, ಏನು ಚಿಕಿತ್ಸೆ ಕೊಡಿಸೀರಿ. ನಡೆದಷ್ಟೇ ಬರೀರಿ. ‘ನನ್ನದೇ ತಪ್ಪು’ ಅಂತಾನೂ ಬ್ಯಾಡ, ‘ಅವರೇ ಅಡ್ಡ ಬಂದ್ರು’ ಅಂತಾನೂ ಬ್ಯಾಡ. ಒಂದು ಪ್ರತಿ ಮ್ಯಾಲೆ ಠಾಣೆ ಸೀಲು, ಸಹಿ, ಟೈಮು ಹಾಕಿಸ್ಕೊರಿ. ಟೈಮ್ ಇಲ್ಲದ ಸೀಲಿನಿಂದ 24 ಗಂಟೆ ಸಾಬೀತು ಆಗಂಗಿಲ್ಲ. ತಗೊಳ್ಳಲಿಕ್ಕೆ ಒಪ್ಪದಿದ್ರ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊರಿ.

ಮೊದಲು ಆ ಹಿರಿಯರನ್ನ ದವಾಖಾನಿಗೆ ಕರಕೊಂಡು ಹೋಗಿ ಎಕ್ಸ್‌ರೇ ತೆಗೆಸ್ರಿ. ಕಾಯ್ದೆ ಬಿಡ್ರಿ, ವಯಸ್ಸಾದವರ ಎಲುಬು ಹೊರಗ ಕಾಣದೇ ಬಿರುಕು ಬಿಟ್ಟಿರ್ತದ.

ಕ್ಲೇಮ್_ಕೌಂಟರ್:
ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆಂದು ವಿಮಾ ಕಂಪನಿಗೆ ಹೇಳದೆ ಉಳಿಯುವವರು ಬಹಳ. ಅದು ಹೋಗುವುದು ನಿಮ್ಮ ಗಾಡಿಯ ರಿಪೇರಿಗೆ ಕ್ಲೇಮ್ ಹಾಕಿದಾಗ. ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗೆ ಆದ ಹಾನಿಯ ಮಾಹಿತಿ ಕೊಟ್ಟರೆ ಹೋಗುವುದಿಲ್ಲ. ಪಾಲಿಸಿ ನಂಬರು, ಅವಧಿ, ಅಪಘಾತದ ವಿವರ, ಚಾಲಕನ ಲೈಸೆನ್ಸ್ ಇಷ್ಟನ್ನು ಇಮೇಲ್ ಮಾಡಿದರೂ ಬರವಣಿಗೆಯ ದಾಖಲೆ ಆಯಿತು.

ಆರ್‌ಸಿ ವಿಷಯವೇ ಇಲ್ಲಿ ದೊಡ್ಡದು. ನೋಟಿಸ್ ಮೊದಲು ಹೋಗುವುದು ಹಳೇ ಮಾಲಕರಿಗೆ. ಓಡಿಸಿದವರು ಯಾರೆಂದು ಕೇಳಿದಾಗ ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಪ್ರಕಾರ ಅವರು ಹೇಳಲೇಬೇಕು, ಹೇಳದಿದ್ದರೆ ಅವರಿಗೂ ಅದೇ 187. ಪರಿಹಾರದ ಹೊಣೆಯೂ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇವತ್ತೇ ಅವರಿಗೊಂದು ಫೋನ್ ಮಾಡಿ.

ತೊಗರಿ_ಹೊಲ:
ಧನ್ಯವಾದ್ರಿ, ಈಗಲೇ ಹೊಂಟೀವಿ. 10 ವರ್ಷ ಜೈಲು ಅಂತ ಒಬ್ರು ಅಂಜಿಸ್ಯಾರ, ಖರೇ ಏನ್ರಿ? ಬೈಕ್ ಹಿಡಕೊಂಡ್ರ ಎಷ್ಟು ದಿನ?

ಕೋರ್ಟ್_ಕಟ್ಟೆ:
ಆ 10 ವರ್ಷದ ಮಾತು ಬಿಎನ್‌ಎಸ್ 106(2)ರದು. ಸಾವು ಸಂಭವಿಸಿ, ತಿಳಿಸದೆ ಓಡಿಹೋದವರಿಗೆ. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ್ದು ಅದಕ್ಕೇ. ಉಳಿದ ಬಿಎನ್‌ಎಸ್ 2024ರ ಜುಲೈ 1ರಂದು ಜಾರಿಯಾದಾಗ ಆ ಉಪಕಲಮನ್ನು ಜಾರಿ ಮಾಡಲಿಲ್ಲ. ನಿಮ್ಮ ವಿಷಯಕ್ಕೆ ಅದು ಸಂಬಂಧವೇ ಇಲ್ಲ.

ಬೈಕನ್ನು ಬ್ರೇಕ್ ಇನ್ಸ್‌ಪೆಕ್ಟರ್ (ಆರ್‌ಟಿಒ ಕಚೇರಿಯ ವಾಹನ ನಿರೀಕ್ಷಕ) ತಪಾಸಣೆ ಮಾಡಬೇಕು. ಅದೆಲ್ಲ ಮುಗಿಸಿ 24 ಗಂಟೆಯಲ್ಲಿ ವಾಪಸ್ ಕೊಡಬೇಕೆಂದು ಮೋಟಾರು ವಾಹನ ಕಾಯ್ದೆಯ 136ನೇ ಕಲಂ ಹೇಳುತ್ತದೆ. ತಡವಾಗುವುದು ಹೆಚ್ಚಾಗಿ ಕಾಗದ ಇಲ್ಲದ್ದಕ್ಕೆ. ಆರ್‌ಸಿ, ಇನ್ಶೂರೆನ್ಸ್, ಡಿಎಲ್ ಮೂಲ ಪ್ರತಿ ಕೈಯಲ್ಲಿರಲಿ. ತಪಾಸಣೆ ಆಗುವವರೆಗೆ ಬಾಗಿದ ಹ್ಯಾಂಡಲ್, ಗೀರಿದ ಮಡ್‌ಗಾರ್ಡ್ ಏನನ್ನೂ ರಿಪೇರಿ ಮಾಡಿಸಬೇಡಿ. ಸಾಕ್ಷ್ಯ ಅಳಿಸಿದಿರಿ ಎಂಬ ಮಾತು ಬರುತ್ತದೆ.